ಅಚ್ಚಿನೊಳಗಿನ ಗೌರಿಯ ಮುಖ

ಮಾನ್ಯ ಸಂಪಾದಕರೇ,

ಚೌತಿ ಹತ್ತಿರವಾದಾಗ ಮುಂಬಯಿಯ ಲಾಲ್‌ಬಾಗ್ ಪರಿಸರದ ಮೂರ್ತಿ ತಯಾರಕರಲ್ಲಿಗೆ ಹೋಗುವ ಓದುಗರು ಗೌರಿಯ ಮುಖ ಎರೆಯುವ ಅಚ್ಚು ಕಂಡರೆ, ಅದರ ತಗ್ಗಾದ ಒಳಮೈಯನ್ನು ಏಳೆಂಟು ಅಡಿ ದೂರದಿಂದ ಒಂದು ಕಣ್ಣು ಮುಚ್ಚಿ ನೋಡಬೇಕು. ಮೂಗು ಒಳಕ್ಕೆ ಕುಳಿಬಿದ್ದಿದೆಯೆಂದು ಚೆನ್ನಾಗಿ ಗೊತ್ತಿದ್ದರೂ ಅದು ಹೊರಚಾಚಿದಂತೆಯೇ ಕಾಣುತ್ತದೆ. ನಾವು ಅತ್ತಿತ್ತ ಸರಿದರೆ ದೇವಿಯೂ ನಮ್ಮತ್ತಲೇ ಮುಖ ತಿರುಗಿಸಿದಂತೆ ಭಾಸವಾಗುತ್ತದೆ. (ನನ್ನ ಮೊಮ್ಮಗಳು ಇದನ್ನು ಪವಾಡವೆಂದೇ ನಂಬಿದ್ದಳು.)

ಕಣ್ಣಿನ ಪರದೆಯ ಮೇಲೆ ಬೀಳುವ ಚಿತ್ರಕ್ಕೆ ಆಳವಿಲ್ಲ. ಅದಕ್ಕೆ ಆಳವನ್ನು ಕೊಡುವಾಗ ಮಿದುಳು, ಇದುವರೆಗೆ ಕಂಡ ಮುಖಗಳೆಲ್ಲ ಉಬ್ಬಿದವೇ ಆಗಿದ್ದವೆಂಬ ಅನುಭವವನ್ನೂ, ಬೆಳಕು ಸಾಮಾನ್ಯವಾಗಿ ಮೇಲಿನಿಂದ ಬೀಳುತ್ತದೆಂಬ ಎಣಿಕೆಯನ್ನೂ ಬಳಸಿಕೊಳ್ಳುತ್ತದೆ. ಚಂದ್ರನ ಕುಳಿಗಳ ಚಿತ್ರವನ್ನು ತಲೆಕೆಳಗಾಗಿ ಹಿಡಿದರೆ ಹಲವೊಮ್ಮೆ ಅವು ದಿಬ್ಬಗಳಾಗುವುದು ಈ ಎರಡನೆಯ ಎಣಿಕೆಯಿಂದಲೇ. ಜರ್ಮನಿಯ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ 19ನೆಯ ಶತಮಾನದಲ್ಲಿಯೇ ಇದನ್ನು ಅರಿವಿಗೆ ಬಾರದ ಅನುಮಾನವೆಂದು ಕರೆದರು. ಇಲ್ಲಿ ಅನುಮಾನವೆಂದರೆ ಸಂಶಯವಲ್ಲ, ಹೊಗೆ ಕಂಡು ಬೆಂಕಿಯನ್ನು ಊಹಿಸುವ ನಮ್ಮ ತರ್ಕಶಾಸ್ತ್ರದ ಅನುಮಾನ.

ಆದುದರಿಂದ ಇಂಥ ಚಿತ್ರಗಳನ್ನು ಮಕ್ಕಳ ಪುಟಗಳಲ್ಲಿ ‘ಕಣ್ಣಿನ ದೋಷ’ ಎಂಬ ತಲೆಬರಹದಡಿ ಪ್ರಕಟಿಸುವ ರೂಢಿ ಸರಿಯಲ್ಲವೆಂದು ನನ್ನ ಅಭಿಪ್ರಾಯ. ಅದೇ ಅಚ್ಚನ್ನು ಹತ್ತಿರ ತಂದು ಎರಡೂ ಕಣ್ಣುಗಳಿಂದ ನೋಡಿದರೆ ಮುಖ ತಟ್ಟನೆ ತಗ್ಗಾಗುತ್ತದೆ. ಅಷ್ಟರಲ್ಲಿ ಕಣ್ಣೇನೂ ರಿಪೇರಿಯಾಗಿರುವುದಿಲ್ಲ. ಎರಡು ಕಣ್ಣುಗಳ ನೋಟದ ವ್ಯತ್ಯಾಸವೆಂಬ ಬಲವಾದ ಸಾಕ್ಷ್ಯ ಮಿದುಳಿಗೆ ಸಿಕ್ಕಿರುತ್ತದೆ.

— ನಿವೃತ್ತ ಶಿಕ್ಷಕ, ಮಾಟುಂಗಾ, ಮುಂಬಯಿ