ನಂಬರ್ ಆಮೇಲೆ, ಮೊದಲು ಬ್ಲಾಂಕ್ ತೋರಿಸು ಪುಟ್ಟಿ

ಪುಟ್ಟಿಗೆ ಮಾವನ ಆಶೀರ್ವಾದ.

ನೇತ್ರಾವತಿ ನದಿ ಸ್ಯಾಂಪಲ್‌ನಲ್ಲಿ ಮೈಕ್ರೋಪ್ಲಾಸ್ಟಿಕ್ (ಅಂದ್ರೆ ಪುಟಾಣಿ ಪ್ಲಾಸ್ಟಿಕ್ ಚೂರು) ಕೌಂಟ್ ಅಂದ್ಕೊಂಡಿದ್ದಕ್ಕಿಂತ ತುಂಬಾ ಜಾಸ್ತಿ ಬಂದಿದೆ ಅಂತ ಮೆಸೇಜ್ ಹಾಕಿದ್ದೆ, ಅಷ್ಟೊಂದು ಎಮೋಜಿ ಬೇರೆ. ಖುಷಿ ಆಯ್ತು, ಆದ್ರೆ ಬ್ಲಾಂಕ್ ಎಷ್ಟು ಬಂತು ಅಂತ ಒಂದು ಮಾತೂ ಇಲ್ವಲ್ಲ? ನೀರು ಟೆಸ್ಟಿಂಗ್ ಲ್ಯಾಬಲ್ಲೇ ಸರ್ವಿಸ್ ಮುಗಿಸಿದವನು ನಾನು, ರಿಟೈರ್ ಆದ್ರೂ ಈ ಚಟ ಹೋಗಿಲ್ಲ.

ಬ್ಲಾಂಕ್ ಅಂದ್ರೆ ಇಷ್ಟೇ, ಏನೂ ಇಲ್ಲದ ಫಿಲ್ಟರ್ ಮಾಡಿದ ನೀರನ್ನ ಅದೇ ಬಾಟ್ಲಿ, ಅದೇ ಕೆಮಿಕಲ್, ಅದೇ ಫಿಲ್ಟರ್ ಪೇಪರ್, ಎಲ್ಲಾ ಸ್ಟೆಪ್ಪೂ ದಾಟಿಸಿ ಅದ್ರಲ್ಲಿ ಎಷ್ಟು ಕಣ ಸಿಗುತ್ತೆ ನೋಡು. ಸೊನ್ನೆ ಬರಲ್ಲ, ಬರೆದಿಟ್ಕೋ, ಆ ಕಣ ಲ್ಯಾಬಿಂದು, ನದಿದಲ್ಲ. ಕ್ಯಾಲಿಫೋರ್ನಿಯಾದವರು ಕುಡಿಯೋ ನೀರಿಗೆ ಮೈಕ್ರೋಪ್ಲಾಸ್ಟಿಕ್ ಟೆಸ್ಟ್ ರೂಲ್ ಮಾಡೋಕೆ ಮುಂಚೆ ಆರು ದೇಶದ 22 ಲ್ಯಾಬ್‌ಗಳಿಗೆ ಒಂದೇ ಥರದ ಸ್ಯಾಂಪಲ್ ಕಳಿಸಿದ್ರು, ಪ್ಲಾಸ್ಟಿಕ್ಕೇ ಹಾಕದೆ ಇದ್ದ ನೀರಲ್ಲೂ ಕಣ ಎಣಿಸಿ ಕಳಿಸಿದವರು ಇದ್ರು, 20 ಮೈಕ್ರಾನ್‌ಗಿಂತ (ಒಂದು ಮೈಕ್ರಾನ್ ಅಂದ್ರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು) ಸಣ್ಣ ಕಣ ಬಂದಾಗಂತೂ ಲೆಕ್ಕ ಪೂರ್ತಿ ಎಕ್ಕುಟ್ಟೋಯ್ತು. ಅವರೇನು ಕೆಲಸ ಬರದವರಲ್ಲ.

ಇನ್ನೊಂದು ತಮಾಷೆ ಗೊತ್ತಾ, ಶುಚಿಗೆ ಅಂತ ನೀನು ಹಾಕ್ಕೊಳ್ಳೋ ಗ್ಲೌಸೇ ಮೋಸ ಮಾಡುತ್ತೆ. ಡಿಸ್ಪೋಸಬಲ್ ಗ್ಲೌಸ್ ಮೇಲೆ ಸ್ಟಿಯರೇಟ್ ಅಂತ ಸೋಪಿನ ಜಾತಿಯ ಪದಾರ್ಥ ಇರುತ್ತೆ, ಅದರ ಸ್ಪೆಕ್ಟ್ರಂ (ಬೆಳಕು ಬಿಟ್ಟಾಗ ಮೆಷಿನ್‌ನಲ್ಲಿ ಬರೋ ಗುರುತಿನ ಗೆರೆ) ನೋಡೋಕೆ ಪಾಲಿಎಥಿಲೀನ್ ಅನ್ನೋ ಪ್ಲಾಸ್ಟಿಕ್ ಥರಾನೇ, ಗೊತ್ತಿರೋ ಸ್ಪೆಕ್ಟ್ರಂಗಳ ಲೈಬ್ರರಿ ಜೊತೆ ಮ್ಯಾಚ್ ಹಾಕಿದ್ರೆ ಸಾಫ್ಟ್‌ವೇರ್ ಧೈರ್ಯವಾಗಿ ಪ್ಲಾಸ್ಟಿಕ್ ಅಂತ ಹೇಳ್ಬಿಡುತ್ತೆ. 2020ರಲ್ಲೇ ಇದು ಪೇಪರಾಗಿ ಬಂದಿದೆ. ಆ ಗ್ಲೌಸನ್ನೂ ಒಂದ್ಸಲ ಬ್ಲಾಂಕ್ ನೀರಲ್ಲಿ ಅದ್ದಿ ನೋಡು. ಕೋಟು ಕಾಟನ್ನೇ ಇರ್ಲಿ, ಅದೂ ಎದ್ದು ಕಾಣೋ ಕೇಸರಿ ಬಣ್ಣದ್ದು, ಸ್ಯಾಂಪಲ್‌ನಲ್ಲಿ ಕೇಸರಿ ಎಳೆ ಸಿಕ್ರೆ ಅದು ನದಿದಲ್ಲ ನಿಂದೇ ಅಂತ ತಕ್ಷಣ ಗೊತ್ತಾಗುತ್ತೆ.

ಆಮೇಲೆ ಬಲೆ ವಿಷಯ. ರವೆ ಜರಡಿಯಲ್ಲಿ ಮೈದಾ ಹಿಡಿಯೋಕೆ ಹೋದ್ರೆ ಏನಾಗುತ್ತೆ? 333 ಮೈಕ್ರಾನ್ ಬಲೆ ಎಳೆದವರು, ಬಕೆಟ್ಟಲ್ಲಿ ನೀರು ತುಂಬ್ಕೊಂಡು 20 ಮೈಕ್ರಾನ್‌ನಲ್ಲಿ ಸೋಸಿದವರು, ಇಬ್ಬರ ನಂಬರನ್ನೂ ಒಂದೇ ಟೇಬಲ್ಲಲ್ಲಿ ಇಟ್ಟು ಈ ನದಿಗಿಂತ ಆ ನದಿ ಕೊಳಕು ಅನ್ನೋ ಪೇಪರ್‌ಗಳನ್ನ ನೋಡಿದ್ರೆ ನಂಗೆ ಮೈ ಉರಿಯುತ್ತೆ. 2020ರಲ್ಲಿ ಮಣಿಪಾಲದವರು ನೇತ್ರಾವತಿ ಮೇಲೆ ಮಾಡಿದ್ದು ಇದೆಯಲ್ಲ, ನೀರಲ್ಲಿ ಸರಾಸರಿ ಘನ ಮೀಟರಿಗೆ 288, ಮರಳು ಕೆಸರಲ್ಲಿ ಕೇಜಿಗೆ 96 ಅಂತ. ಅದರ ಜೊತೆ ನಿಂದನ್ನ ಹೋಲಿಸ್ಬೇಕಾದ್ರೆ ಬಲೆ ಕಣ್ಣು, ತಿಂಗಳು, ಜಾಗ, ಯೂನಿಟ್ ಎಲ್ಲಾ ಮೊದಲು ತಾಳೆ ಹಾಕು. ಮಳೆಗಾಲದ ನೇತ್ರಾವತಿ ಬೇರೆ, ಮಾರ್ಚ್‌ನ ನೇತ್ರಾವತಿ ಬೇರೆ ಅಂತ ನಿಂಗೆ ನಾನು ಹೇಳ್ಬೇಕಾ.

ಕೆಸರಿಂದ ಪ್ಲಾಸ್ಟಿಕ್ ತೇಲಿಸೋಕೆ ಉಪ್ಪುನೀರು ಅಗ್ಗ, ಸೇಫೂ ಹೌದು, ಆದ್ರೆ ಅದರ ಸಾಂದ್ರತೆ 1.2 ದಾಟಲ್ಲ, ಪೆಟ್ ಬಾಟ್ಲಿ ಚೂರು 1.38 ಇದೆ, ಅದು ತಳದಲ್ಲೇ ಕೂತಿರುತ್ತೆ, ನೀನು ಇಲ್ಲ ಅಂತ ಬರೀತೀಯ. ಅಳಿವೆ ಹತ್ರ ಮೀನು ಬಲೆಯ ನೈಲಾನ್ ಜಾಸ್ತಿ ಇರುತ್ತಲ್ಲ, ಸ್ಟ್ರಾಂಗ್ ಆಸಿಡ್ ಹಾಕಿ ಕಸ ಕರಗಿಸೋಕೆ ಹೋದ್ರೆ ಕಸದ ಜೊತೆ ಅದೂ ಕರಗುತ್ತೆ. ಅದರ ಬದಲು ಹೈಡ್ರೋಜನ್ ಪೆರಾಕ್ಸೈಡ್ ಹಾಕಿದ್ರೆ ಎಷ್ಟು ಪರ್ಸೆಂಟು, ಎಷ್ಟು ಡಿಗ್ರಿ, ಎಷ್ಟು ಹೊತ್ತು ಅಂತ ಬರಿ, ಸ್ಟಾಂಡರ್ಡ್ ಮೆಥಡ್ ಪ್ರಕಾರ ಅಂತ ಜಾರಿಕೊಳ್ಳಬೇಡ. ಲೆಕ್ಕ ಗೊತ್ತಿರೋ ಬಣ್ಣದ ಚೂರು ಹಾಕಿ ಕೊನೇಲಿ ಎಷ್ಟು ವಾಪಸ್ ಸಿಗುತ್ತೆ ಅಂತ ನೋಡು, 100ಕ್ಕೆ 60 ಸಿಕ್ರೂ ನಾಚಿಕೆ ಪಡಬೇಡ, ಹಾಗೇ ಬರಿ. ಫಿಲ್ಟರಿನ ಕಾಲು ಭಾಗ ಮಾತ್ರ ಎಣಿಸಿ ನಾಲ್ಕರಿಂದ ಗುಣಿಸಿದ್ರೆ ಅದನ್ನೂ.

ಎಲ್ರೂ ಒಂದೇ ವಿಧಾನ ಮಾಡ್ಬೇಕು ಅನ್ನೋರ ಮಾತು ನಂಗೆ ಒಪ್ಪಿಗೆ ಇಲ್ಲ, ನಲ್ಲಿ ನೀರಿಗೂ ಅಳಿವೆ ಕೆಸರಿಗೂ ಒಂದೇ ಹೇಗಾಗುತ್ತೆ. ಏನು ಮಾಡಿದೆ ಅಂತ ಪೂರ್ತಿ ಹೇಳಿದ್ರೆ ಸಾಕು. 2020ರಲ್ಲೇ ಒಂದು ಗುಂಪಿನವರು ರಿಪೋರ್ಟಿಂಗ್ ಚೆಕ್‌ಲಿಸ್ಟ್ ಮಾಡಿ ಕೊಟ್ಟಿದ್ದಾರೆ, 2023ರಲ್ಲಿ ಮೈಕ್ರೋಪ್ಲಾಸ್ಟಿಕ್ ಟೆಸ್ಟಿಗೆ ಅಂತಾರಾಷ್ಟ್ರೀಯ ಸ್ಟಾಂಡರ್ಡ್ ಐಎಸ್ಒ 24187 ಬಂತು, ನಮ್ಮ ಆಹಾರ ಸುರಕ್ಷತೆ ಪ್ರಾಧಿಕಾರ ಎಫ್ಎಸ್ಎಸ್ಎಐ ಕೂಡ 2024ರಲ್ಲಿ ಆಹಾರಕ್ಕೆ ಮೆಥಡ್ ರೆಡಿ ಮಾಡೋ ಪ್ರಾಜೆಕ್ಟ್ ಶುರು ಮಾಡ್ತು. ಕಚ್ಚಾ ಸ್ಪೆಕ್ಟ್ರಂ ಫೈಲ್ ಎಲ್ಲಾ ಪೇಪರ್ ಜೊತೆ ಹಾಕ್ಬಿಡು, ಬೇರೆಯವರು ತಪ್ಪು ಹುಡುಕ್ತಾರೆ ಅಂತ ಭಯ ಬೇಡ, ಹುಡುಕ್ಲಿ ಅಂತಲೇ ಹಾಕೋದು.

ನಮ್ಮ ಫ್ಯಾಮಿಲಿ ಗ್ರೂಪಲ್ಲಿ ವಾರಕ್ಕೊಂದು ಕ್ರೆಡಿಟ್ ಕಾರ್ಡ್ ಅಷ್ಟು ಪ್ಲಾಸ್ಟಿಕ್ ತಿಂತೀವಿ ಅಂತ ಈಗಲೂ ಫಾರ್ವರ್ಡ್ ಬರುತ್ತಲ್ಲ, ಅದು 2019ರ 5 ಗ್ರಾಂ ಲೆಕ್ಕ. 2021ರಲ್ಲಿ ಬೇರೆಯವರು ಎಂಟು ಬಗೆ ಆಹಾರ ಮತ್ತೆ ಗಾಳಿ ತಗೊಂಡು ಲೆಕ್ಕ ಹಾಕಿದ್ರೆ ದೊಡ್ಡವರಿಗೆ ದಿನಕ್ಕೆ ಒಂದು ಮೈಕ್ರೋಗ್ರಾಂಗೂ ಕಮ್ಮಿ ಬಂತು. ಲಕ್ಷಗಟ್ಟಲೆ ಪಟ್ಟು ವ್ಯತ್ಯಾಸ! ಆದ್ರೆ ನಿಮ್ಮತ್ತೆ ನಂಬೋದು ಕ್ರೆಡಿಟ್ ಕಾರ್ಡನ್ನೇ.

ಇನ್ನೊಂದು ಲ್ಯಾಬಲ್ಲಿ ನಿನ್ನ ಫ್ರೆಂಡ್ ಇದಾಳಲ್ಲ, ಅವಳಿಂದ ಲೆಕ್ಕ ಹೇಳದೆ ಚೂರು ಹಾಕಿದ ಸ್ಯಾಂಪಲ್ ತರಿಸ್ಕೋ, ನೀನೂ ಅವಳಿಗೆ ಕಳ್ಸು, ಇಬ್ರೂ ಎಣಿಸಿ ಆಮೇಲೆ ತಾಳೆ ನೋಡಿ. ಗೈಡ್‌ಗೆ ಮೊದಲೇ ಹೇಳು, ಟೈಮ್ ವೇಸ್ಟ್ ಅಂದ್ರೆ ರಿವ್ಯೂಅರ್ ಕೇಳೇ ಕೇಳ್ತಾರೆ ಸಾರ್ ಅನ್ನು, ಒಪ್ಕೋತಾರೆ. ಮೆಥಡ್ ಚಾಪ್ಟರ್ ಡ್ರಾಫ್ಟ್ ಆದ್ಮೇಲೆ ನಂಗೆ ಮೇಲ್ ಮಾಡು, ವಾಟ್ಸಾಪಲ್ಲಿ ಫೋಟೋ ತೆಗೆದು ಹಾಕ್ಬೇಡ, ನಂಗೆ ಅಕ್ಷರ ಕಾಣಲ್ಲ.

ಇಂತಿ,
ಮಾವ