ಔಟಿಂಗ್‌ಗೆ ಬರೋರು ಒಂಚೂರು ಓದ್ಬಿಡಿ

ಎಲ್ರಿಗೂ ನಮಸ್ಕಾರ, ಇನ್ಮೇಲೆ ವಾಕ್, ಮ್ಯೂಸಿಯಂ, ನಾಟಕ ಯಾವ್ದೇ ಪ್ಲಾನ್ ಇದ್ರೂ ಗ್ರೂಪಲ್ಲಿ ಪೋಲ್ ಬರುತ್ತೆ, ಅದ್ರಲ್ಲೇ ವೋಟ್ ಹಾಕಿ, ಬರೀ ಥಂಬ್ಸ್‌ಅಪ್ ಒತ್ತಿದ್ರೆ ನೀವು ಬರ್ತೀರೋ ಇಲ್ಲ ಮೆಸೇಜ್ ನೋಡ್ದೆ ಅಂತ ಒತ್ತಿದ್ರೋ ದೇವ್ರಾಣೆ ಗೊತ್ತಾಗಲ್ಲ. ಬರಕ್ಕಾಗಲ್ಲ ಅಂದ್ರೆ ಹಿಂದಿನ್ ದಿನ ಸಂಜೆಯೊಳಗೆ ವೋಟ್ ಚೇಂಜ್ ಮಾಡಿ, ಟಿಕೆಟ್ ಬುಕ್ ಮಾಡೋ ಕಡೆ ಎಷ್ಟ್ ಜನ ಅಂತ ಮೊದ್ಲೇ ಹೇಳ್ಬೇಕಾಗುತ್ತೆ, ವೇಟಿಂಗಲ್ಲಿರೋರಿಗೂ ಚಾನ್ಸ್ ಸಿಗುತ್ತೆ.

ಆಮೇಲೆ ಈ "ಮೇನ್ ಗೇಟ್ ಹತ್ರ ಸಿಗೋಣ" ಬೇಡ್ವೇ ಬೇಡ. ದೊಡ್ಡ ಪಾರ್ಕ್ ಅಂದ್ರೆ ಎರಡ್ಮೂರು ಗೇಟ್ ಇರುತ್ವೆ, ಪ್ರತಿಯೊಬ್ರೂ ತಾವು ನಿಂತಿರೋದೇ ಮೇನ್ ಅಂದ್ಕೊಂಡು ಕಾಯ್ತಾ ಇರ್ತಾರೆ. ಪಿನ್ ಕಳ್ಸಿ. ವಾಟ್ಸಾಪಲ್ಲಿ ಲೈವ್ ಲೊಕೇಶನ್ 15 ನಿಮಿಷ, 1 ಗಂಟೆ, 8 ಗಂಟೆ ಅಂತ ಆಪ್ಷನ್ ಕೊಡುತ್ತೆ, ಲೀಡ್ ಮಾಡೋರು 1 ಗಂಟೆ ಹಾಕಿದ್ರೆ ಸಾಕು, 8 ಹಾಕಿದ್ರೆ ನೀವು ಮನೆಗೆ ಹೋಗಿ ಮಲ್ಗಿದ್ದೂ ಎಲ್ರಿಗೂ ಕಾಣುತ್ತೆ 😄

ತುಂಬಾ ಮ್ಯೂಸಿಯಂಗಳಿಗೆ ಸೋಮವಾರ ರಜಾ, ಡೇಟ್ ಹೇಳೋಕ್ ಮುಂಚೆ ಚೆಕ್ ಮಾಡಿ. ಮಕ್ಕಳಿರೋ ಫೋಟೋ ಅವ್ರ ಅಪ್ಪಅಮ್ಮನ್ನ ಕೇಳ್ದೆ ಸ್ಟೇಟಸ್‌ಗೆ ಹಾಕ್ಬೇಡಿ ಪ್ಲೀಸ್. ಲೇಟಾದ್ರೆ 10 ನಿಮಿಷ ಕಾಯ್ತೀವಿ ಅಷ್ಟೇ, ಆಮೇಲೆ ಹೊರಟ್ಬಿಡ್ತೀವಿ, ಹಿಂದಿಂದ ಬಂದು ಸೇರ್ಕೊಳ್ಳಿ.