ಸೊಳ್ಳೆ ಬಂದಾಗಲೇ ಸುದ್ದಿಯಾಗಲಿ

ಮಾನ್ಯ ಸಂಪಾದಕರೇ,

ಡೆಂಗಿ, ಚಿಕೂನ್‌ಗುನ್ಯ ಹೆಚ್ಚಾದಾಗ ಪತ್ರಿಕೆಗಳಲ್ಲಿ ದಿನವೂ ಸೋಂಕಿತರ ಸಂಖ್ಯೆ ಬರುತ್ತದೆ. ಆದರೆ ಆ ರೋಗ ಹರಡುವ ಸೊಳ್ಳೆ ಆ ಪ್ರದೇಶಕ್ಕೆ ಎಂದು ಬಂತು, ಹೇಗೆ ಬಂತು ಎಂಬುದು ಕಾಣಿಸುವುದೇ ಅಪರೂಪ. ಸೊಳ್ಳೆ ನೆಲೆಯೂರಿದ ಎಷ್ಟೋ ವರ್ಷಗಳ ಮೇಲೆ ರೋಗ ಬರುವುದುಂಟು. ತಡೆಯಲು ನಮಗೆ ಸಿಗುವ ಕಾಲ ಅದೊಂದೇ.

ಇಟಲಿಯನ್ನೇ ನೋಡಿ. ಏಷ್ಯಾ ಮೂಲದ ಹುಲಿಸೊಳ್ಳೆ 1990ರಲ್ಲಿ ಅಲ್ಲಿನ ಜಿನೋವಾದಲ್ಲಿ ಪತ್ತೆಯಾಯಿತು. ಡೆಂಗಿ, ಚಿಕೂನ್‌ಗುನ್ಯ ಹರಡಬಲ್ಲ, ಈಡಿಸ್ ಜಾತಿಯ ಈ ಸೊಳ್ಳೆ ತಾನಾಗಿ ಹಾರುವುದು ಕೆಲವು ನೂರು ಮೀಟರ್ ಮಾತ್ರ. ಅದನ್ನು ಸಾಗರ ದಾಟಿಸಿದ್ದು ಹಳೆಯ ಟೈರುಗಳ ವ್ಯಾಪಾರ. ಟೈರಿನ ಒಳಮೈಗೆ ಅಂಟಿದ ಮೊಟ್ಟೆಗಳು ನೀರಿಲ್ಲದೆಯೂ ತಿಂಗಳುಗಟ್ಟಲೆ ಉಳಿದು, ಮಳೆನೀರು ಸೋಕಿದೊಡನೆ ಒಡೆಯುತ್ತವೆ. 2007ರಲ್ಲಿ ಭಾರತದಿಂದ ಬಂದ ಜ್ವರಪೀಡಿತ ಪ್ರಯಾಣಿಕರೊಬ್ಬರ ಮೂಲಕ ಚಿಕೂನ್‌ಗುನ್ಯ ಇಟಲಿಯ ರವೆನ್ನಾ ಸುತ್ತಮುತ್ತ 200ಕ್ಕೂ ಹೆಚ್ಚು ಜನರಿಗೆ ಹರಡಿತು. ಆ ಪ್ರಯಾಣಿಕರನ್ನು ದೂರುವುದು ಅನ್ಯಾಯ. ಜ್ವರ ಹೊತ್ತ ಪ್ರಯಾಣಿಕರು ಎಲ್ಲ ಕಾಲದಲ್ಲೂ ಇದ್ದರು. ಸೊಳ್ಳೆ ಇಲ್ಲದ ಊರಿನಲ್ಲಿ ಅವರ ಜ್ವರ ಅವರಲ್ಲೇ ಮುಗಿಯುತ್ತಿತ್ತು. ಇಟಲಿಯಲ್ಲಾದರೋ ಆ ವೇಳೆಗೆ ಸೊಳ್ಳೆ 17 ವರ್ಷಗಳಿಂದ ಬೀಡುಬಿಟ್ಟಿತ್ತು.

ಇದಕ್ಕಿಂತ ಕಳವಳಕಾರಿ ಆಫ್ರಿಕಾದ ಜಿಬೂಟಿಯ ಕಥೆ. ದಕ್ಷಿಣ ಏಷ್ಯಾದ ನಗರಗಳಲ್ಲಿ ಮಲೇರಿಯಾ ಹರಡುವ ಅನಾಫಿಲಿಸ್ ಸ್ಟೆಫೆನ್ಸಿ ಸೊಳ್ಳೆ 2012ರಲ್ಲಿ ಅಲ್ಲಿ ಪತ್ತೆಯಾಯಿತು. ಆ ವರ್ಷ ದೇಶದೊಳಗೇ ತಗುಲಿದ ಮಲೇರಿಯಾ ಪ್ರಕರಣಗಳು ಕೇವಲ 27. 2020ರ ವೇಳೆಗೆ ಪ್ರಕರಣಗಳು 73,000 ದಾಟಿದ್ದವು. ಈ ಏರಿಕೆಯಲ್ಲಿ ಹೊಸ ಸೊಳ್ಳೆಯ ಪಾಲು ದೊಡ್ಡದೆಂದು ತಜ್ಞರು ಭಾವಿಸುತ್ತಾರೆ. ಮನೆಗಳ ನೀರಿನ ತೊಟ್ಟಿಗಳಲ್ಲೇ ಬೆಳೆಯುವ ಅದು 2016ರಲ್ಲಿ ನೆರೆಯ ಇಥಿಯೋಪಿಯಾದಲ್ಲೂ ಸಿಕ್ಕಿತು. ಒಂದು ದೇಶದಲ್ಲಿ ಹೊಸ ಸೊಳ್ಳೆ ಕಂಡ ಸುದ್ದಿ ನೆರೆಯವರಿಗೆ ಅಂದೇ ತಲುಪಬೇಕು. ತಾಪಮಾನ ಏರಿದಂತೆ ಸೊಳ್ಳೆಯೊಳಗೆ ರೋಗಾಣು ಬಲಿಯುವ ಅವಧಿಯೂ ಕುಗ್ಗುತ್ತದೆ. ಹಿಂದೆ ಚಳಿಯೇ ಕಾಯುತ್ತಿದ್ದ ಪ್ರದೇಶಗಳಿಗೆ ಇನ್ನು ಆ ರಕ್ಷಣೆ ಸಾಲದು.

ಆದ್ದರಿಂದ ತಮ್ಮಲ್ಲಿ ಒಂದು ಕೋರಿಕೆ. ಸೋಂಕಿತರ ಸಂಖ್ಯೆಯ ಪಕ್ಕದಲ್ಲೇ ಲಾರ್ವಾ (ಸೊಳ್ಳೆಮರಿ) ಸಮೀಕ್ಷೆಯ ಫಲಿತಾಂಶವನ್ನೂ ಪ್ರಕಟಿಸಿ. ಯಾವ ಜಾತಿಯ ಸೊಳ್ಳೆ ಹೊಸದಾಗಿ ಎಲ್ಲಿ ಸಿಕ್ಕಿದೆ, ಕಳೆದ ವರ್ಷ ಎಲ್ಲಿತ್ತು ಎಂದು ಆರೋಗ್ಯ ಇಲಾಖೆಗಳನ್ನು ಕೇಳಿ. ರೋಗವೇ ಇಲ್ಲದ ತಿಂಗಳುಗಳಲ್ಲೂ ಕೇಳಿ. ಸಮೀಕ್ಷೆ ನಡೆದೇ ಇಲ್ಲವೆಂಬ ಉತ್ತರ ಬಂದರೆ ಅದನ್ನು ಮುಖಪುಟದಲ್ಲಿ ಹಾಕಿ.

ಇಂತಿ,
ತಮ್ಮ ಓದುಗ